ಕಂದಾಯದ ಪುಸ್ತಕದಲ್ಲಿ ಸಿಕ್ಕ ಅಜ್ಜಿ

ಪುಣೆಯಲ್ಲಿ ನಾನು ಕೆಲಸ ಮಾಡುವ ತಂಡದ ಅರ್ಧ ಜನ ಮೆಲ್ಬರ್ನ್‌ನಲ್ಲಿದ್ದಾರೆ. ನಮ್ಮ ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಅವರಿಗೆ ಮಧ್ಯಾಹ್ನ. ಕಳೆದ ವರ್ಷ ಒಂದು ದಿನ ಮೀಟಿಂಗ್ ಮುಗಿದರೂ ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ಲೈನಿನಲ್ಲೇ ಉಳಿದರು. "ಹೊಂದಾಣಿಕೆಯಾಗದ ಡೇಟಾ ಹೊಂದಿಸುವುದು ನಿನ್ನ ಕೆಲಸ ತಾನೇ? ನನ್ನ ಮನೆಯದೊಂದು ಕೆಲಸ ಇದೆ, ನೋಡುತ್ತೀಯಾ?" ಎಂದು ಕೇಳಿದರು.

ಅವರ ತಾಯಿಗೆ ಎಂಬತ್ತು ದಾಟಿದೆ. ಆ ತಾಯಿಯ ಮುತ್ತಜ್ಜ 1850ರ ದಶಕದಲ್ಲಿ, ಚಿನ್ನದ ಹುಚ್ಚು ಹಿಡಿದಿದ್ದ ಕಾಲದಲ್ಲಿ, ಐರ್ಲೆಂಡಿನಿಂದ ಹಡಗು ಹತ್ತಿ ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ಬಂದವರು. ಯಾವ ಊರಿನಿಂದ? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೈಯಲ್ಲಿದ್ದುದು ಅವರ ಮರಣ ಪತ್ರವೊಂದೇ. ಅದರಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ತವರಿನ ಅಡ್ಡಹೆಸರು, ಹುಟ್ಟಿದ ಸ್ಥಳ 'ಕೌಂಟಿ ಕಾರ್ಕ್' ಎಂದಿತ್ತು. ಕಾರ್ಕ್ ಐರ್ಲೆಂಡಿನ ಅತಿ ದೊಡ್ಡ ಕೌಂಟಿ. 'ಶಿವಮೊಗ್ಗ ಜಿಲ್ಲೆಯವರು' ಅಂದಷ್ಟಕ್ಕೇ ಮನೆ ಹುಡುಕಿಕೊಂಡು ಹೊರಟ ಹಾಗೆ. "ಅಮ್ಮನಿಗೆ ಆ ಊರಿನ ಹೆಸರು ಒಂದು ಸಲ ಕೇಳಬೇಕಂತೆ" ಎಂದರು ಆಕೆ.

ಜನಗಣತಿ ನೋಡಿದರೆ ಮುಗಿಯಿತಲ್ಲ ಅಂದುಕೊಂಡೆ. ಐರ್ಲೆಂಡಿನಲ್ಲಿ 1821ರಿಂದಲೇ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. ಆದರೆ 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿತು. 1821ರಿಂದ 1851ರವರೆಗಿನ ಗಣತಿ ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಚೂರು ಬಿಟ್ಟರೆ ಉಳಿದದ್ದೆಲ್ಲ ಬೂದಿ. 1861 ಮತ್ತು 1871ರ ಹಾಳೆಗಳನ್ನು ಸರ್ಕಾರವೇ ಮೊದಲೇ ನಾಶ ಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ರದ್ದಿಯಾದವು. ಪೂರ್ತಿಯಾಗಿ ಉಳಿದ ಅತಿ ಹಳೆಯ ಗಣತಿ 1901ರದ್ದು. ನಮ್ಮ ಮುತ್ತಜ್ಜ ಅಷ್ಟರಲ್ಲಿ ಊರು ಬಿಟ್ಟು ನಲವತ್ತು ವರ್ಷ ದಾಟಿತ್ತು.

ಉಳಿದದ್ದು ತೆರಿಗೆಯ ಪುಸ್ತಕಗಳು. ಜನರನ್ನು ನೆನಪಿಡಲಿಕ್ಕೆ ಬರೆದದ್ದಲ್ಲ, ವಸೂಲಿಗೆ ಬರೆದದ್ದು. ಮೊದಲನೆಯದು ಚರ್ಚ್ ಕಂದಾಯದ ಪುಸ್ತಕ, 1823ರಿಂದ 1837ರ ನಡುವಿನದು. ಐರ್ಲೆಂಡಿನ ಬಹುಪಾಲು ರೈತರು ಕ್ಯಾಥೊಲಿಕರು. ಆದರೂ ಪ್ರಾಟೆಸ್ಟಂಟ್ ಚರ್ಚಿಗೆ ಜಮೀನಿನ ಮೇಲೆ ಕಂದಾಯ ಕಟ್ಟಬೇಕಿತ್ತು. ಎರಡನೆಯದು 1847ರಿಂದ 1864ರ ನಡುವೆ ಪ್ರಕಟವಾದ ಆಸ್ತಿ ಮೌಲ್ಯಮಾಪನ. ಅದರ ಉಸ್ತುವಾರಿ ವಹಿಸಿದ್ದ ಭೂವಿಜ್ಞಾನಿ ರಿಚರ್ಡ್ ಗ್ರಿಫಿತ್ ಹೆಸರಿನಿಂದಲೇ ಅದು 'ಗ್ರಿಫಿತ್ ವ್ಯಾಲ್ಯುಯೇಶನ್' ಎಂದು ಪ್ರಸಿದ್ಧ. ನಿರ್ಗತಿಕರ ಪಾಲನೆಗೆಂದು ಪ್ರತಿ ಆಸ್ತಿಯ ಮೇಲೆ ಎಷ್ಟು ತೆರಿಗೆ ಹಾಕಬೇಕು ಎಂದು ಲೆಕ್ಕ ಹಾಕುವುದು ಅದರ ಉದ್ದೇಶ. ಹತ್ತು ಲಕ್ಷಕ್ಕೂ ಹೆಚ್ಚು ಅನುಭೋಗದಾರರ ಹೆಸರು ಅದರಲ್ಲಿದೆ. ಎರಡೂ ಈಗ ಆನ್‌ಲೈನ್‌ನಲ್ಲಿ ಉಚಿತ.

ಗ್ರಿಫಿತ್ ಪುಸ್ತಕದ ಪುಟ ತೆರೆದಾಗ ನನಗೆ ನಮ್ಮ ಪಹಣಿಯೇ ಕಂಡ ಹಾಗಾಯಿತು. ನಕ್ಷೆಯ ಸಂಖ್ಯೆ, ಅನುಭೋಗದಾರನ ಹೆಸರು, ಅವನಿಗೆ ಗೇಣಿಗೆ ಕೊಟ್ಟವನ ಹೆಸರು, ಆಸ್ತಿಯ ವಿವರ, ವಿಸ್ತೀರ್ಣ, ಜಮೀನಿನ ಮೌಲ್ಯ, ಕಟ್ಟಡದ ಮೌಲ್ಯ. ನಮ್ಮಲ್ಲಿ ಎಕರೆ–ಗುಂಟೆ, ಅಲ್ಲಿ ಎಕರೆ, ರೂಡ್, ಪರ್ಚ್. ಅಲ್ಲಿನ ಅತಿ ಚಿಕ್ಕ ಘಟಕ 'ಟೌನ್‌ಲ್ಯಾಂಡ್', ನಮ್ಮ ಮಜರೆಯ ಹಾಗೆ. ಇಡೀ ದ್ವೀಪದಲ್ಲಿ ಅಂಥವು ಅರವತ್ತು ಸಾವಿರಕ್ಕೂ ಹೆಚ್ಚು. ಅವುಗಳ ಎಲ್ಲೆ ಗುರುತಿಸಲು ಥಾಮಸ್ ಕೋಲ್ಬಿ ನೇತೃತ್ವದಲ್ಲಿ ಮೊದಲೇ ಸರ್ವೆ ನಡೆದಿತ್ತು. ಆ ಸರ್ವೆಗೆ ಕೋಲ್ಬಿ ರೂಪಿಸಿದ ಮಾದರಿಯ ಅಳತೆ ಸರಳುಗಳನ್ನೇ ಮುಂದೆ ಜಾರ್ಜ್ ಎವರೆಸ್ಟ್ ಭಾರತದ ಮಹಾ ಸರ್ವೆಗೂ ತರಿಸಿಕೊಂಡ.

ಒಂದು ತಮಾಷೆ ಹೇಳಲೇಬೇಕು. ಬಹಳ ಜನರ ಆಸ್ತಿಯ ಎದುರು 'ಮನೆ, ಆಫೀಸು, ಜಮೀನು' ಎಂದು ಬರೆದಿತ್ತು. ಹಳ್ಳಿಯ ಬಡ ರೈತನಿಗೂ ಆಫೀಸೇ ಎಂದು ಬೆರಗಾದೆ. ಆಮೇಲೆ ತಿಳಿಯಿತು, ಆ ಪುಸ್ತಕದಲ್ಲಿ ಆಫೀಸು ಎಂದರೆ ದನದ ಕೊಟ್ಟಿಗೆ, ಕುದುರೆ ಲಾಯ, ಕಣಜದಂಥ ಹೊರಗಿನ ಕಟ್ಟಡ. ಹಿಂಜವಡಿಯಲ್ಲಿ ಕೂತು ದಿನಕ್ಕೆ ಹತ್ತು ಗಂಟೆ ಆಫೀಸು ಮಾಡುವ ನಮ್ಮಂಥವರಿಗೆ ಇದು ನಗು ತರಿಸಿತು. ಆ ಪದ ಮತ್ತೆ ಎದುರಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಹುಡುಕಾಟ ಸುಲಭವಿರಲಿಲ್ಲ. ಆ ಮನೆತನದ ಅಡ್ಡಹೆಸರು ಕಾರ್ಕ್‌ನಲ್ಲಿ ಕಾಲಿಟ್ಟಲ್ಲೆಲ್ಲ ಸಿಗುವಂಥದ್ದು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರಿದ್ದರೆ ಗುಮಾಸ್ತರು ಪಕ್ಕದಲ್ಲಿ ಅಪ್ಪನ ಹೆಸರನ್ನೋ, 'ಕೆಂಪು', 'ಕರಿ' ಎಂಬಂಥ ಗುರುತನ್ನೋ ಸೇರಿಸುತ್ತಿದ್ದರು. ನಮ್ಮೂರಿನ ಕೆಂಪ ತಿಮ್ಮಪ್ಪ, ಮೇಲಿನಮನೆ ತಿಮ್ಮಪ್ಪ ಇದ್ದ ಹಾಗೆ. ಐರಿಷ್ ಹೆಸರುಗಳನ್ನು ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದದ್ದರಿಂದ ಕಾಗುಣಿತ ಪುಟಕ್ಕೊಂದು ಬಗೆ. ಪುಣೆಗೆ ಬಂದ ಮೇಲೆ ನನ್ನ ಹೆಸರು ಗ್ಯಾಸ್ ಪುಸ್ತಕದಲ್ಲಿ ಒಂದು, ಬಾಡಿಗೆ ಕರಾರಿನಲ್ಲಿ ಇನ್ನೊಂದು ಆಗಿರುವುದರಿಂದ ಆ ಜನರ ಕಷ್ಟ ನನಗೆ ಬೇಗ ಅರ್ಥವಾಯಿತು.

ಸದ್ದಿನ ಹೋಲಿಕೆ ನೋಡುವ ಪುಟ್ಟ ಪ್ರೋಗ್ರಾಂ ಬರೆದೆ. ಅದು ನೂರಾರು ಹೆಸರು ಕಕ್ಕಿತು. ದಾರಿ ತೋರಿಸಿದ್ದು ಪ್ರೋಗ್ರಾಂ ಅಲ್ಲ, ಮರಣ ಪತ್ರದಲ್ಲಿದ್ದ ತಾಯಿಯ ತವರಿನ ಅಡ್ಡಹೆಸರು. ಆ ಕಾಲದಲ್ಲಿ ಹೆಣ್ಣು ಗಂಡು ಬಹುತೇಕ ಆಸುಪಾಸಿನವರೇ. ಹಾಗಾದರೆ ಎರಡೂ ಅಡ್ಡಹೆಸರು ಒಟ್ಟಿಗೆ ಇರುವ ಪ್ಯಾರಿಷ್‌ಗಳು ಯಾವುವು? ಆ ಪ್ರಶ್ನೆ ಕೇಳಿದಾಗ ಕಾರ್ಕ್ ಅಷ್ಟೂ ಕುಗ್ಗಿ ನಾಲ್ಕು ಪ್ಯಾರಿಷ್ ಆಯಿತು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಕ್ಯಾಥೊಲಿಕ್ ಚರ್ಚುಗಳ ಹಳೆಯ ರಿಜಿಸ್ಟರುಗಳ ಚಿತ್ರಗಳನ್ನು ಆನ್‌ಲೈನ್‌ಗೆ ಹಾಕಿದೆ. ನಾಲ್ಕು ಶನಿವಾರ ಆ ಮಸುಕು ಪುಟಗಳಲ್ಲೇ ಕಳೆದವು. ಮೂರನೇ ಪ್ಯಾರಿಷ್‌ನಲ್ಲಿ ಮಗುವಿನ ದೀಕ್ಷಾಸ್ನಾನದ ಒಂದು ಸಾಲು ಸಿಕ್ಕಿತು. ಮಗು, ತಂದೆ, ತಾಯಿ, ತಾಯಿಯ ತವರಿನ ಅಡ್ಡಹೆಸರು, ಎಲ್ಲ ಸರಿ. ಪಕ್ಕದಲ್ಲೇ ಟೌನ್‌ಲ್ಯಾಂಡಿನ ಹೆಸರೂ ಇತ್ತು.

ಚರ್ಚ್ ಕಂದಾಯದ ಪುಸ್ತಕದಲ್ಲಿ, ಅದೇ ಟೌನ್‌ಲ್ಯಾಂಡಿನಲ್ಲಿ, ತಂದೆಯ ಹೆಸರು ಕಂಡಿತು. ಗ್ರಿಫಿತ್ ಪುಸ್ತಕದಲ್ಲಿ ಅದು ಇಲ್ಲ. ಆ ಅಡ್ಡಹೆಸರಿನೊಂದಿಗೆ ಇದ್ದುದು ಒಬ್ಬ ಹೆಂಗಸಿನ ಹೆಸರು, ಮರಣ ಪತ್ರದಲ್ಲಿದ್ದ ತಾಯಿಯದೇ ಹೆಸರು. ಈ ಪುಸ್ತಕದಲ್ಲಿ ಬರುವುದು ಮನೆಯ ಯಜಮಾನನ ಹೆಸರು ಮಾತ್ರ. ಹೆಂಗಸಿನ ಹೆಸರು ಬಂತೆಂದರೆ ಸಾಮಾನ್ಯವಾಗಿ ಗಂಡ ತೀರಿಹೋಗಿದ್ದಾನೆ ಎಂದರ್ಥ. ಎರಡು ಪುಸ್ತಕಗಳ ನಡುವೆ ನಿಂತಿರುವುದು 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಮಹಾಕ್ಷಾಮ. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ದೇಶ ಬಿಟ್ಟರು. ಆತ ಹೇಗೆ ಸತ್ತ ಎಂದು ತೆರಿಗೆಯ ಪುಸ್ತಕ ಹೇಳುವುದಿಲ್ಲ.

ಆದರೆ ಅದು ಇನ್ನೊಂದು ಸಂಗತಿ ಹೇಳಿತು. ಆಕೆಯ ಆಸ್ತಿಯ ಮೌಲ್ಯ 4 ಪೌಂಡಿಗಿಂತ ಕಡಿಮೆ. 1843ರ ಕಾಯ್ದೆಯ ಪ್ರಕಾರ 4 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಮೌಲ್ಯದ ಹಿಡುವಳಿಗೆ ಬಡವರ ತೆರಿಗೆಯನ್ನು ಗೇಣಿದಾರ ಅಲ್ಲ, ಒಡೆಯನೇ ಕಟ್ಟಬೇಕು. ಬಡವರಿಗೆ ಅನುಕೂಲವಾಗಲಿ ಎಂಬಂತೆ ಕಾಣುವ ನಿಯಮ. ಕ್ಷಾಮದಲ್ಲಿ ತೆರಿಗೆ ಏರಿದಂತೆ ಅದೇ ತಿರುಗುಬಾಣವಾಯಿತು. ಇಂಥ ಸಣ್ಣ ಗೇಣಿದಾರರನ್ನು ಹೊರಹಾಕಿದರೆ ಒಡೆಯನಿಗೆ ಲಾಭ. ಸಾವಿರಾರು ಗುಡಿಸಲುಗಳು ನೆಲಸಮವಾದವು. ಬಡವರ ಹೆಸರನ್ನು ಉಳಿಸಿದ ಲೆಕ್ಕವೇ ಅವರನ್ನು ಒಕ್ಕಲೆಬ್ಬಿಸಿದ ಲೆಕ್ಕವೂ ಹೌದು.

ಗ್ರಿಫಿತ್ ನಂತರವೂ ಅಧಿಕಾರಿಗಳು ಬಂದುಹೋಗಿ ಬದಲಾವಣೆಗಳನ್ನು ಬಣ್ಣದ ಶಾಯಿಯಲ್ಲಿ ತಿದ್ದುತ್ತಿದ್ದರು. ಡಬ್ಲಿನ್‌ನಲ್ಲಿರುವ ಆ ಪರಿಷ್ಕರಣೆ ಪುಸ್ತಕಗಳ ಪ್ರತಿ ತರಿಸಿದೆವು. ಮಗ ಹಡಗು ಹತ್ತಿದ ಆಸುಪಾಸಿನ ವರ್ಷಗಳಲ್ಲಿ ತಾಯಿಯ ಹೆಸರಿನ ಮೇಲೆ ಗೆರೆ ಎಳೆದಿತ್ತು. ಜಮೀನು ಒಡೆಯನ ಹೆಸರಿಗೆ ಸೇರಿತ್ತು. ಮನೆಯ ಎದುರು 'ಬಿದ್ದಿದೆ' ಎಂಬರ್ಥದ ಒಂದೇ ಪದ. ಆಕೆ ಎಲ್ಲಿ ಹೋದಳು? ಐರ್ಲೆಂಡಿನಲ್ಲಿ ಎಲ್ಲರ ಮರಣ ನೋಂದಣಿ ಶುರುವಾದದ್ದು 1864ರಲ್ಲಿ. ಅದಕ್ಕೂ ಮೊದಲೇ ಆಕೆ ಪುಸ್ತಕದಿಂದ ಹೊರಗಾಗಿದ್ದಳು.

ಒಂದು ಭಾನುವಾರ ಸಹೋದ್ಯೋಗಿ ತಾಯಿಯನ್ನು ಕೂರಿಸಿಕೊಂಡು ವಿಡಿಯೊ ಕರೆ ಮಾಡಿದರು. ಊರಿನ ಹೆಸರು ಓದಿದೆ. ಆ ಹಿರಿಯರು ಎರಡು ಸಲ ತಾವೇ ಹೇಳಿಕೊಂಡರು. ಆಮೇಲೆ ಕೇಳಿದರು, "ಅವಳ ಹತ್ತಿರ ಒಂದು ಹಸುವಾದರೂ ಇತ್ತೇ?" ನಾನು ಮತ್ತೆ ಆ ಸಾಲು ನೋಡಿದೆ. 'ಮನೆ, ಜಮೀನು' ಅಷ್ಟೇ. ಆಫೀಸು ಎಂಬ ಪದ ಇರಲಿಲ್ಲ. "ಕೊಟ್ಟಿಗೆ ಬರೆದಿಲ್ಲ ಅಮ್ಮಾ" ಎಂದೆ. ಅವರು ತಲೆಯಾಡಿಸಿದರು.

ಅವತ್ತು ರಾತ್ರಿ ಸಾಗರದ ಹತ್ತಿರದ ನಮ್ಮೂರಿಗೆ ಫೋನ್ ಮಾಡಿದೆ. ನಮ್ಮಜ್ಜನೂ ಗೇಣಿದಾರ. 1974ರ ಭೂಸುಧಾರಣೆ ಬಂದಾಗ ಸಾಗುವಳಿದಾರನೆಂದು ಪಹಣಿಯ 12ನೇ ಕಾಲಂನಲ್ಲಿದ್ದ ಹೆಸರೇ ಅವರಿಗೆ ಆಧಾರವಾಯಿತು, ಜಮೀನು ಉಳಿಯಿತು. "ಅಪ್ಪ, ಹಳೆಯ ಕೈಬರಹದ ಪಹಣಿ ಇದ್ದರೆ ತೆಗೆದಿಡಿ. ಅಜ್ಜಿಯ ಹೆಸರು ಅದರಲ್ಲಿ ಎಲ್ಲಾದರೂ ಇದೆಯಾ?" ಎಂದೆ.

ಅಪ್ಪ ನಕ್ಕರು. "ನಾಟಿ ಮಾಡಿದ್ದು ಅವಳೇ, ಆದರೆ ಯಾವ ಕಾಲಂನಲ್ಲೂ ಇಲ್ಲ ಮಾರಾಯ."

ಅಜ್ಜಿಯ ಹೆಸರು, ತವರೂರು, ಅವಳ ಅಮ್ಮನ ಹೆಸರು ಅಪ್ಪನಿಂದ ಕೇಳಿ ಬರೆದುಕೊಂಡೆ. ಅವಳ ಅಜ್ಜಿಯ ಹೆಸರು ಅಪ್ಪನಿಗೂ ನೆನಪಿರಲಿಲ್ಲ. ಬರುವ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡತ್ತೆಯನ್ನು ಕೇಳಬೇಕು. ಅವರಿಗೂ ಎಂಬತ್ತು ದಾಟಿದೆ.