ಮದ್ದಿಗೂ ಮೊದಲು

ಮೈಸೂರಿನವರ ದೊಡ್ಡಾಸ್ಪತ್ರೆ ಕೆ.ಆರ್. ಆಸ್ಪತ್ರೆಯಾಗಲಿ, ಯಾವುದೋ ಬಡಾವಣೆಯ ನರ್ಸಿಂಗ್ ಹೋಮ್ ಆಗಲಿ, ಗಾಯ ಮಾಯದೆ ಕೀವು ಲ್ಯಾಬಿಗೆ ಹೋದರೆ ಮಾಡುವ ಪರೀಕ್ಷೆ ಹೆಚ್ಚುಕಡಿಮೆ ಒಂದೇ. ಕೀವಿನಲ್ಲಿ ಸಿಕ್ಕ ಸ್ಟ್ಯಾಫ್ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಯ ತುಂಬ ಸವರಿ, ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಳಿದ ವೃತ್ತಕ್ಕೆ ಸ್ಕೇಲು ಹಿಡಿಯುತ್ತಾರೆ. 22 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿ. 21 ಅಥವಾ ಅದಕ್ಕಿಂತ ಕಡಿಮೆ ಬಂದರೆ ವರದಿಯಲ್ಲಿ ಎಂಆರ್‌ಎಸ್‌ಎ (ಮೆಥಿಸಿಲಿನ್ ಎಂಬ ಔಷಧಿಗೆ ಜಗ್ಗದ ಸ್ಟ್ಯಾಫ್) ಎಂದು ಬರುತ್ತದೆ. ಪೆನಿಸಿಲಿನ್ ಬಳಗದ ಬಹುತೇಕ ಔಷಧಿಗಳು ಆ ರೋಗಿಗೆ ದಂಡ.

ಇಂಥ ಸ್ಟ್ಯಾಫನ್ನು ಮೊದಲು ಗುರುತಿಸಿದವರು ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದ ಪೆಟ್ರೀಷಿಯಾ ಜೆವನ್ಸ್. ಪೆನಿಸಿಲಿನ್ ಬಂದ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಯ ಸ್ಟ್ಯಾಫ್ ಅದನ್ನು ಕತ್ತರಿಸಿಹಾಕುವ ಕಿಣ್ವವನ್ನು ಕಲಿತುಕೊಂಡಿತ್ತು. ಆ ಕಿಣ್ವಕ್ಕೆ ಜಗ್ಗದ ಮೆಥಿಸಿಲಿನ್ ಅನ್ನು ಬೀಚಮ್ ಕಂಪನಿ ಸೆಲ್ಬೆನಿನ್ ಎಂಬ ಹೆಸರಿನಲ್ಲಿ ತಂದಾಗ ವೈದ್ಯರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಜೆವನ್ಸ್ ಮಾತ್ರ ಇಂಗ್ಲೆಂಡಿನ ಆಸ್ಪತ್ರೆಗಳಿಂದ ಬರುತ್ತಿದ್ದ ಮಾದರಿಗಳನ್ನು ಒಂದೊಂದಾಗಿ ಅದರೆದುರು ಇಟ್ಟು ನೋಡುತ್ತ ಹೋದರು. 5,000ಕ್ಕೂ ಹೆಚ್ಚು ಮಾದರಿಗಳಲ್ಲಿ 3 ಮಾತ್ರ ಸಾಯಲಿಲ್ಲ. ಮೂರೂ ಒಂದೇ ಆಸ್ಪತ್ರೆಯವು. ಒಂದು ಮೂತ್ರಪಿಂಡ ತೆಗೆಸಿಕೊಂಡ ರೋಗಿಯದು, ಇನ್ನೊಂದು ಒಬ್ಬ ನರ್ಸಿನದು. 1961ರ ಜನವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಅವರು ಬರೆದದ್ದು ಒಂದು ಸಣ್ಣ ಪತ್ರ ಅಷ್ಟೆ. ಅದರಲ್ಲೇ ಮುಳ್ಳಿನಂಥ ಒಂದು ಸಂಗತಿ ಇತ್ತು: ಆ ರೋಗಿಗೆ ಸೆಲ್ಬೆನಿನ್ ಕೊಟ್ಟೇ ಇರಲಿಲ್ಲ.

ಆದರೂ ಹೊಸ ಮದ್ದೇ ಹೊಸ ಪ್ರತಿರೋಧ ಹುಟ್ಟಿಸಿತೆಂಬ ಕತೆ ದಶಕಗಟ್ಟಲೆ ಓಡಿತು. ಹಳೆಯ ಮಾದರಿಗಳನ್ನು ಯಾರೋ ಎಸೆಯದೆ ಹೆಪ್ಪುಗಟ್ಟಿಸಿ ಒಣಗಿಸಿ ಇಟ್ಟಿದ್ದು ಪುಣ್ಯ. 2017ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರು ಮತ್ತು ಸಂಗಡಿಗರು ಅಂಥ 209 ಮಾದರಿಗಳ ಜೀನೋಮ್ ಓದಿ ಲೆಕ್ಕ ಹಾಕಿದರು. ಪ್ರತಿರೋಧ ಕೊಡುವ ಮೆಕ್-ಎ ಜೀನ್ ಆ ಮಾದರಿಗಳ ಸ್ಟ್ಯಾಫ್ ವಂಶದೊಳಗೆ ಸೇರಿದ್ದು 1940ರ ದಶಕದ ನಡುವೆ, ಮೆಥಿಸಿಲಿನ್ ಹುಟ್ಟುವುದಕ್ಕೆ ಸುಮಾರು 14 ವರ್ಷ ಮೊದಲು! ಪೆನಿಸಿಲಿನ್ ಆಗಲಿ, ಮೆಥಿಸಿಲಿನ್ ಆಗಲಿ, ಹಿಡಿದುಕೊಳ್ಳುವುದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಪ್ರೋಟೀನನ್ನು. ಮೆಕ್-ಎ ಆ ಕೆಲಸಕ್ಕೆ ಔಷಧಿಯ ಹಿಡಿತಕ್ಕೆ ಸಿಗದ ಬೇರೆ ಪ್ರೋಟೀನ್ ಒದಗಿಸುತ್ತದೆ. ಹಾಗಾಗಿ ಅದನ್ನು ಆರಿಸಿ ಬೆಳೆಸಿದ್ದು ಮೆಥಿಸಿಲಿನ್ ಅಲ್ಲ, ಎಲ್ಲರೂ ಕೊಂಡಾಡಿದ ಪೆನಿಸಿಲಿನ್ನೇ.

ನಮ್ಮ ಕಡೆಯ ಹುಡುಕಾಟ ತಡವಾಗಿ ಶುರುವಾಯಿತು. ಬೆಂಗಳೂರಿನಲ್ಲಿ ಗಾಯತ್ರಿ ಅರಕೆರೆ ಮತ್ತು ಸಂಗಡಿಗರು ಅಲ್ಲಿನ ಎರಡು ಆಸ್ಪತ್ರೆಗಳ ಎಂಆರ್‌ಎಸ್‌ಎ ವಂಶಾವಳಿಯನ್ನು 2005ರಲ್ಲಿ ಪ್ರಕಟಿಸಿದರು. ಇದಕ್ಕೆ ಒಂದು ವರ್ಷ ಹಿಂದೆ, 2004ರಲ್ಲಿ, ಬಾಂಗ್ಲಾದೇಶ ಮತ್ತು ಭಾರತದಲ್ಲಿ ಎಸ್‌ಟಿ772 ಎಂಬ ಬೇರೆಯೇ ವಂಶ ಕಣ್ಣಿಗೆ ಬಿದ್ದಿತ್ತು. ಅದು ಆಸ್ಪತ್ರೆಯೊಳಗೆ ಹುಟ್ಟಿದ್ದಲ್ಲ, ಊರಿನಲ್ಲಿ ಬೆಳೆದು ವಾರ್ಡಿಗೆ ನುಗ್ಗಿದ್ದು. ವಾರ್ಡಿನ ನೆಲ ತೊಳೆದರೆ ಸಾಕೆಂದುಕೊಂಡವರಿಗೆ ಇದು ಇರಿಸುಮುರಿಸಿನ ಸುದ್ದಿ. ಮುಂದೆ ಹಲವು ದೇಶಗಳ 340 ಮಾದರಿಗಳನ್ನು ಹೋಲಿಸಿ 2019ರಲ್ಲಿ ಬಂದ ಅಧ್ಯಯನ ಅದರ ತವರು ಈ ಉಪಖಂಡವೇ ಎಂದು ತೋರಿಸಿತು. ಹೊರದೇಶಗಳಿಗೆ ಅದು ಹರಡಿದ್ದರ ಹಿಂದೆ ಕಂಡದ್ದು ಇಲ್ಲಿಗೆ ಪ್ರವಾಸ ಬಂದದ್ದು, ಇಲ್ಲವೇ ಇಲ್ಲಿನ ಮನೆಯವರ ಒಡನಾಟ.