ದಾರಿ ಎಣಿಸಿ, ಆಮೇಲೆ ಟೈರು ಆರಿಸಿ

ಹೊಲದಿಂದ ಟಾರು ರಸ್ತೆಗೆ ಹತ್ತುವ ಟ್ರ್ಯಾಕ್ಟರಿನ ಹಿಂಚಕ್ರವನ್ನು ಒಂದು ಗಳಿಗೆ ಗಮನಿಸಿ. ಮಣ್ಣನ್ನು ಕಚ್ಚಿ ಹಿಡಿದು ಗಾಡಿಯನ್ನು ಮುಂದೆ ತಳ್ಳಿದ ಅದೇ ದಪ್ಪ ಹಲ್ಲುಗಳು ಟಾರಿನ ಮೇಲೆ ಬರೀ ತುದಿಯಲ್ಲಿ ನಿಲ್ಲುತ್ತವೆ. ಹಲ್ಲುಗಳ ನಡುವಿನ ಅಗಲವಾದ ತಗ್ಗು ನೆಲವನ್ನು ಮುಟ್ಟುವುದೇ ಇಲ್ಲ. ಸ್ವಲ್ಪ ದೂರ ಹೆಂಟೆಗಳು ಉದುರುತ್ತವೆ, ಆಮೇಲೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಟ್ರ್ಯಾಕ್ಟರು ನಿಧಾನವಾಗಿ ಹೋಗುವ ಗಾಡಿ, ಹಾಗಾಗಿ ನಡೆದುಹೋಗುತ್ತದೆ. ಆದರೆ ಹೊಲಕ್ಕೂ ಹೋಗುವ, ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲೂ ಓಡುವ ಬೊಲೆರೊ, ಥಾರ್, ಪಿಕಪ್‌ಗಳಿಗೆ ಎಂಥ ಟೈರು ಬೇಕು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ಈ ಪ್ರಶ್ನೆ ಸಾವಿರಾರು ಮನೆಗಳಿಗೆ ಸಂಬಂಧಿಸಿದ್ದು. ನನ್ನ ಉತ್ತರ ಇಷ್ಟು: ವರ್ಷಕ್ಕೆ ನಾಲ್ಕು ದಿನ ಎದುರಾಗುವ ಕೆಸರನ್ನು ನೋಡಿ ಟೈರು ಕೊಳ್ಳಬೇಡಿ, ದಿನವೂ ಬ್ರೇಕು ಹಾಕುವ ರಸ್ತೆಯನ್ನು ನೋಡಿ ಕೊಳ್ಳಿ.

ಅಂಗಡಿಯಲ್ಲಿ ಸಿಗುವ ಟೈರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎಚ್‌ಟಿ, ಅಂದರೆ ಹೈವೇ ಟೆರೇನ್: ಪಟ್ಟಿಗಳು ಒತ್ತೊತ್ತಾಗಿರುತ್ತವೆ, ತಗ್ಗುಗಳು ಕಿರಿದು, ಸದ್ದು ಕಡಿಮೆ. ಎಂಟಿ, ಅಂದರೆ ಮಡ್ ಟೆರೇನ್: ದೊಡ್ಡ ದೊಡ್ಡ ಬಟನ್‌ಗಳು, ನಡುವೆ ಅಗಲವಾದ ತಗ್ಗು. ಚಕ್ರ ತಿರುಗಿದಂತೆ ಆ ತಗ್ಗು ಕೆಸರನ್ನು ಹೊರಗೆಸೆದು ಮತ್ತೆ ಖಾಲಿಯಾಗುವುದರಿಂದ ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಇವೆರಡರ ನಡುವಿನದು ಎಟಿ, ಆಲ್ ಟೆರೇನ್: ಬಟನ್‌ಗಳಿವೆ, ಆದರೆ ಹತ್ತಿರ ಹತ್ತಿರ, ಅವುಗಳ ಮೇಲೆ ಬ್ಲೇಡಿನಿಂದ ಗೀರಿದಂತೆ ಸಣ್ಣ ಸೀಳುಗಳಿದ್ದು, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುತ್ತವೆ. ಎಟಿಯಲ್ಲೂ ಒಂದೇ ಸಮ ಇರುವುದಿಲ್ಲ. ಕೆಲವು ಎಚ್‌ಟಿಗೆ ಹತ್ತಿರ, ಕೆಲವು ಎಂಟಿಗೆ ಹತ್ತಿರ. ಆದ್ದರಿಂದ ಹೆಸರಿಗಿಂತ ಮುಖ್ಯ, ರಬ್ಬರು ಎಷ್ಟು, ತಗ್ಗು ಎಷ್ಟು ಎಂದು ಕಣ್ಣಾರೆ ನೋಡುವುದು.

ಈ ಲೆಕ್ಕ ಯಾಕೆ ಮುಖ್ಯ? ಒಂದು ಚಕ್ರದ ಮೇಲೆ 400 ಕಿಲೋ ಭಾರವಿದೆ, ಗಾಳಿ 30 ಪಿಎಸ್‌ಐ ಇದೆ ಎಂದುಕೊಳ್ಳಿ. ಆಗ ಆ ಟೈರು ನೆಲಕ್ಕೆ ಒತ್ತುವ ಜಾಗ ಸುಮಾರು 190 ಚದರ ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಅಂಗೈಯಗಲ. ಅಡ್ಡ ಬಂದ ದನವನ್ನೋ ಸ್ಕೂಟರನ್ನೋ ಕಂಡು ಬ್ರೇಕು ಹಾಕಿದಾಗ ಇಡೀ ಗಾಡಿಯನ್ನು ಹಿಡಿದು ನಿಲ್ಲಿಸುವುದು ಇಂಥ ನಾಲ್ಕು ಅಂಗೈಗಳು. ಅದರಲ್ಲಿ ತಗ್ಗಿನ ಪಾಲು ಹೆಚ್ಚಾದಷ್ಟೂ ಟಾರನ್ನು ಮುಟ್ಟುವ ರಬ್ಬರು ಕಡಿಮೆ. ಎಂಟಿಯ ಎತ್ತರದ ಬಟನ್‌ಗಳು ಬ್ರೇಕು ಬಿದ್ದಾಗ ಬಾಗುತ್ತವೆ; ಕಲ್ಲಿನ ಏಟು ತಡೆಯಲೆಂದು ಮಾಡಿದ ಅವುಗಳ ರಬ್ಬರು ಒದ್ದೆ ಟಾರಿಗೆ ಅಷ್ಟಾಗಿ ಅಂಟುವುದಿಲ್ಲ. ಮಳೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುವುದು ಇದರಿಂದಲೇ. ಡೀಸೆಲ್ ಹೆಚ್ಚು ಕುಡಿಯುವುದು, ಬೇಗ ಸವೆಯುವುದು ಜೇಬಿನ ನಷ್ಟ. ನಿಲ್ಲಬೇಕಾದಲ್ಲಿ ಗಾಡಿ ನಿಲ್ಲದಿದ್ದರೆ ಆಗುವುದು ಜೀವದ ನಷ್ಟ, ಅದೂ ಎಷ್ಟೋ ಸಲ ರಸ್ತೆ ದಾಟುತ್ತಿದ್ದ ಬೇರೆಯವರದು.

ಈಗ ನಮ್ಮ ದಾರಿಗಳನ್ನು ನೋಡೋಣ. ಹಿಂದೆ 234 ಎನಿಸಿಕೊಂಡು ಈಗ 69 ಆಗಿರುವ ರಾಷ್ಟ್ರೀಯ ಹೆದ್ದಾರಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕನ್ನೂ ಒಂದೇ ಎಳೆಯಲ್ಲಿ ಪೋಣಿಸುತ್ತದೆ. ಬೆಂಗಳೂರಿಂದ ಹೈದರಾಬಾದಿಗೆ ಹೋಗುವ 44ನೇ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ಹಾದುಹೋಗುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ತರುವವರು, ಚಿಂತಾಮಣಿಗೆ ಟೊಮೆಟೊ ಕ್ರೇಟು ಸಾಗಿಸುವವರು, ಬೆಂಗಳೂರಿಗೆ ಹೂವು, ದ್ರಾಕ್ಷಿ ಕಳಿಸುವವರು ಎಲ್ಲರಿಗೂ ತೋಟದಿಂದ ಊರ ಬಾಗಿಲವರೆಗೆ ಮಣ್ಣು ದಾರಿ, ಅಲ್ಲಿಂದಾಚೆ ಟಾರು. ದಿನಕ್ಕೆ 40 ಕಿ.ಮೀ. ಓಡುವ ಗಾಡಿ 2 ಕಿ.ಮೀ. ಮಣ್ಣಿನಲ್ಲಿ ಓಡಿದರೆ ಅದು ನೂರಕ್ಕೆ 5 ಪಾಲು. ಆ ಟೈರು 50,000 ಕಿ.ಮೀ. ಬಾಳಿದರೆ 47,500 ಕಿ.ಮೀ. ಟಾರಿನ ಮೇಲೆಯೇ ಸವೆದಿರುತ್ತದೆ. ವಾರದ ಕೊನೆಗೆ ಬೆಟ್ಟ ಹತ್ತುವವರ ಲೆಕ್ಕವೂ ಬೇರೆಯಲ್ಲ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ತುದಿಯವರೆಗೂ ಟಾರು ಇದೆ. ಬೆಳಗಿನ ಮಂಜಿಗೆ ಒದ್ದೆಯಾದ ಆ ತಿರುವುಗಳಲ್ಲಿ ಬೇಕಾದ ಹಿಡಿತ ಟಾರಿನ ಹಿಡಿತವೇ. ಸ್ಕಂದಗಿರಿಯನ್ನಂತೂ ಕಾಲ್ನಡಿಗೆಯಲ್ಲೇ ಹತ್ತಬೇಕು.

‘ಮಳೆಗಾಲದಲ್ಲಿ ತೋಟದೊಳಗೆ ಹೂತುಕೊಂಡರೆ ಯಾರು ಎಳೆಯುತ್ತಾರೆ?’ ಎನ್ನುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ ಇದು. ಗೂಡು ಮಾರುಕಟ್ಟೆಗೆ ಒಂದು ದಿನ ತಡವಾದರೂ ರೈತನಿಗೆ ನಷ್ಟ. ಆದರೆ ಮಣ್ಣಿನ ಗುಣ ನೋಡಬೇಕು. ಬಯಲುಸೀಮೆಯ ಉತ್ತರದ ಎರೆ ಮಣ್ಣು ಟೈರಿಗೆ ಮೆತ್ತಿಕೊಂಡು ಉಂಡೆಯಾಗುತ್ತದೆ. ನಮ್ಮದು ಬಹುಪಾಲು ಮರಳು ಬೆರೆತ ಕೆಂಪು ಮಣ್ಣು. ಮಳೆ ನಿಂತ ಮೇಲೆ ಬೇಗ ನೀರು ಬಸಿದು ಗಟ್ಟಿಯಾಗುತ್ತದೆ. ಅಂಥ ದಾರಿಗೆ ಎಟಿ ಧಾರಾಳವಾಗಿ ಸಾಕು. ನಿಜವಾದ ಜೌಗು ಇರುವುದು ಕೆರೆ ಅಂಗಳದ ಹೂಳಿನಲ್ಲಿ. ಎಚ್‌ಎನ್ ವ್ಯಾಲಿ ಕೆರೆ ತುಂಬಿಸುವ ಯೋಜನೆಯ ನೀರು ಬರತೊಡಗಿದ ಮೇಲೆ ಜಿಲ್ಲೆಯ ಕೆಲವು ಕೆರೆಗಳ ಅಂಚು ಬೇಸಿಗೆಯಲ್ಲೂ ಹಸಿಯಾಗಿರುತ್ತದೆ ಎನ್ನುವುದೂ ಸರಿ. ಆದರೆ ಆ ಹೂಳಿನಲ್ಲಿ ಇಳಿಯುವುದು ಟ್ರ್ಯಾಕ್ಟರಿನ ಕೆಲಸ. ಕಾರು, ಪಿಕಪ್‌ಗಳು ಅಲ್ಲಿಗೆ ಹೋಗುವ ಅಗತ್ಯ ಬೀಳುವುದು ಅಪರೂಪ. ಸಡಿಲ ಮಣ್ಣಿನಲ್ಲಿ ಚಕ್ರ ಸುತ್ತತೊಡಗಿದರೆ ಗಾಳಿ ಇಳಿಸುವುದು ಹಳೆಯ, ಖರ್ಚಿಲ್ಲದ ಉಪಾಯ. 30 ಇದ್ದ ಗಾಳಿಯನ್ನು 20ಕ್ಕೆ ಇಳಿಸಿದರೆ ಟೈರು ನೆಲಕ್ಕೆ ಒರಗುವ ಜಾಗ ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದರೆ ಟಾರಿಗೆ ಬಂದ ಕೂಡಲೇ ಮತ್ತೆ ಗಾಳಿ ಹೊಡೆಸಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರು ಕಾದು ಸಿಡಿಯುತ್ತದೆ.

ಇನ್ನೊಂದು ಆಕ್ಷೇಪ ಮುಳ್ಳು ಮತ್ತು ಕಲ್ಲಿನದು, ಇದು ಇನ್ನೂ ತೂಕದ್ದು. ಕೆರೆ ಏರಿ, ಬೀಳು ಹೊಲಗಳ ಬದುವಿನಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಕ್ವಾರಿಗಳ ಸುತ್ತಿನ ದಾರಿಯಲ್ಲಿ ಚೂಪು ಜಲ್ಲಿ ಬಿದ್ದಿರುತ್ತದೆ. ನೆಲಕ್ಕೆ ತಾಗುವ ಭಾಗದಲ್ಲಿ ಚುಚ್ಚಿದ ಮುಳ್ಳಿಗೆ ಟ್ಯೂಬ್‌ಲೆಸ್ ಟೈರು ಗಾಳಿಯನ್ನು ಮೆಲ್ಲಗೆ ಬಿಡುತ್ತದೆ. ಪಂಕ್ಚರ್ ಅಂಗಡಿಯವರೆಗೂ ಹೋಗಬಹುದು, ರಿಪೇರಿಯೂ ಆಗುತ್ತದೆ. ಆದರೆ ಟೈರಿನ ಮಗ್ಗುಲು ಸೀಳಿದರೆ ಅದು ಮುಗಿದಂತೆ. ಆದ್ದರಿಂದ ಇಂಥ ದಾರಿಯಲ್ಲಿ ದಿನವೂ ಓಡುವವರು ಎಟಿ ಕೊಳ್ಳುವಾಗ ಬಟನ್ ಎತ್ತರಕ್ಕಿಂತ ಮಗ್ಗುಲಿನ ಗಟ್ಟಿತನವನ್ನು ನೋಡಬೇಕು. ಪೂರಾ ಟಾರಿನಲ್ಲೇ ಓಡುವವರಿಗೆ ಎಚ್‌ಟಿ ಸಾಕು. ಇನ್ನು ಎಂಟಿ ಬೇಕಾಗುವುದು ಕೆಸರಿನಲ್ಲೇ ದಿನ ಕಳೆಯುವ ಗಾಡಿಗೆ; ಅಂಥವು ಈ ಕಡೆ ಬಹಳ ಕಡಿಮೆ.

ದಪ್ಪ ಟೈರು ಹಾಕಿದರೆ ಗಾಡಿಗೆ ಗತ್ತು ಬರುತ್ತದೆ ಎನ್ನುವ ಆಸೆ ಸಹಜ. ಆದರೆ ಅಳತೆ ಬದಲಾದರೆ ಬೇರೆಲ್ಲವೂ ಬದಲಾಗುತ್ತದೆ. 215/75 ಆರ್15 ಟೈರಿನ ಎತ್ತರ 703 ಮಿ.ಮೀ. ಅದರ ಜಾಗಕ್ಕೆ 235/75 ಆರ್15 ಹಾಕಿದರೆ 733. ಮೀಟರು 80 ತೋರಿಸುವಾಗ ಗಾಡಿ ನಿಜವಾಗಿ 83 ದಾಟಿರುತ್ತದೆ. ಬ್ರೇಕಿಗೆ ಹೆಚ್ಚು ಕೆಲಸ, ಎಂಜಿನ್ನಿಗೆ ಹೆಚ್ಚು ಭಾರ. ಇಷ್ಟಕ್ಕೆ ಗಾಡಿ ಏರುವುದು ಬರೀ 15 ಮಿ.ಮೀ. ಕಂಪನಿ ಹೇಳಿದ ಅಳತೆಯಾಚೆಗೆ ಹೋದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತೊಡಕೂ ಎದುರಾಗಬಹುದು. ಥಾರ್, ಜಿಮ್ನಿಯಂಥ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ನಾಲ್ಕೂ ಟೈರು ಒಂದೇ ಬಗೆ, ಒಂದೇ ಅಳತೆ ಇರಬೇಕು. ಇಲ್ಲದಿದ್ದರೆ ಮುಂದು ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಗೇರ್‌ಗಳು ಸವೆಯುತ್ತವೆ.

ಪಿಕಪ್ ಓಡಿಸುವವರು ಬಟನ್ ನೋಡುವ ಮೊದಲು ಮಗ್ಗುಲ ಮೇಲಿನ ಅಂಕಿಗಳನ್ನು ಓದಲಿ. ಅಳತೆಯ ಪಕ್ಕದ ಸಂಖ್ಯೆ ಭಾರದ್ದು: 100 ಎಂದಿದ್ದರೆ ಆ ಒಂದು ಟೈರು ಹೊರಬಹುದಾದದ್ದು 800 ಕಿಲೋ, 112 ಎಂದಿದ್ದರೆ 1,120. ಅದರ ಮುಂದಿನ ಅಕ್ಷರ ವೇಗದ್ದು: ಕ್ಯೂ ಇದ್ದರೆ ಗಂಟೆಗೆ 160 ಕಿ.ಮೀ.ವರೆಗೆ, ಎಸ್ ಇದ್ದರೆ 180. ನಾಲ್ಕಂಕಿಯ ಇನ್ನೊಂದು ಗುರುತು ಹುಟ್ಟಿದ ವಾರದ್ದು: 2324 ಎಂದರೆ 2024ರ 23ನೇ ವಾರ. ಹಳೆಯ ದಾಸ್ತಾನನ್ನು ಹೊಸದೆಂದು ಕೊಳ್ಳದಂತೆ ಇದು ಕಾಯುತ್ತದೆ. ಗ್ರಿಪ್ ಆಳ 1.6 ಮಿ.ಮೀ.ಗೆ ಇಳಿದಾಗ ತಗ್ಗಿನೊಳಗಿನ ಸಣ್ಣ ಉಬ್ಬು ಮೇಲಿನ ರಬ್ಬರಿಗೆ ಸಮವಾಗುತ್ತದೆ. ಟೈರು ಬದಲಿಸುವ ಕಾಲ ಅದು.

ಅಂಗಡಿಗೆ ಹೋಗುವ ಮೊದಲು ಒಂದು ವಾರ ಮೀಟರು ನೋಡಿ ಒಂದು ಚೀಟಿಯಲ್ಲಿ ಬರೆದಿಡಿ: ಟಾರು ಎಷ್ಟು, ಮಣ್ಣು ಎಷ್ಟು, ಹೊರೆ ಎಷ್ಟು. ಆ ಚೀಟಿಯನ್ನು ಹಿಡಿದೇ ಟೈರು ಕೇಳಿ. ಹೂತ ಗಾಡಿಯನ್ನು ಎಳೆಯಲು ಪಕ್ಕದ ತೋಟದಿಂದ ಟ್ರ್ಯಾಕ್ಟರು ಬರುತ್ತದೆ. ಒದ್ದೆ ಹೆದ್ದಾರಿಯಲ್ಲಿ ಜಾರುವ ಗಾಡಿಯನ್ನು ಹಿಡಿಯಲು ಆ ನಾಲ್ಕು ಅಂಗೈಗಳಲ್ಲದೆ ಬೇರೆ ಯಾರೂ ಬರುವುದಿಲ್ಲ.