ಭೂನ್ಯೂಟ್ರಿನೊಗಳ ಗಣನೆ

ಭೂಗರ್ಭದ ಯುರೇನಿಯಂ ಮತ್ತು ಥೋರಿಯಂ ಕ್ಷಯಿಸುವಾಗ ಶಾಖದೊಡನೆ ಪ್ರತಿನ್ಯೂಟ್ರಿನೊಗಳೂ ಹೊಮ್ಮುತ್ತವೆ. ಇವುಗಳ ಸುಳಿವನ್ನು ಜಪಾನಿನ ಕಾಮ್‌ಲ್ಯಾಂಡ್ ಶೋಧಕವು 2005ರಲ್ಲಿ ಮೊದಲು ಪ್ರಕಟಿಸಿತು. ಭೂಮಿಯಿಂದ ಹೊರಬೀಳುವ ಸುಮಾರು 47 ಟೆರಾವಾಟ್ ಶಾಖದಲ್ಲಿ ವಿಕಿರಣಪಟು ಧಾತುಗಳ ಪಾಲೆಷ್ಟೆಂಬುದನ್ನು ಇವುಗಳಿಂದ ಅರಿಯಬಹುದು. ಆದರೆ ಶೋಧಕವು ಎಣಿಸುವುದು ಒಟ್ಟು ಮೊತ್ತವನ್ನು ಮಾತ್ರ. ಭೂಚಿಪ್ಪಿನಿಂದ ಬಂದುದೆಷ್ಟು, ಅದರಡಿಯ ಮ್ಯಾಂಟಲಿನಿಂದ ಬಂದುದೆಷ್ಟು ಎಂದು ವಿಂಗಡಿಸುವ ಕಾರ್ಯವನ್ನು ಗಣಕಯಂತ್ರದ ಕ್ರಮವಿಧಿಗಳಿಗೆ ಒಪ್ಪಿಸಲಾಗಿದೆ. ಅವು ‘ಕ್ರಸ್ಟ್ 1.0’ರಂತಹ ಮಾದರಿಯಲ್ಲಿ ಭೂಚಿಪ್ಪನ್ನು ಒಂದೊಂದು ಡಿಗ್ರಿಯ 64,800 ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕದ ಧಾತುರಾಶಿಯನ್ನು ಶೋಧಕದಿಂದಿರುವ ದೂರದ ವರ್ಗದಿಂದ ಭಾಗಿಸಿ ಕೂಡಿಸುತ್ತವೆ. ಮಾರ್ಗಮಧ್ಯದಲ್ಲಿ ನ್ಯೂಟ್ರಿನೊಗಳು ರೂಪಾಂತರಗೊಳ್ಳುವುದನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಅಳತೆಯಿಂದ ಇದನ್ನು ಕಳೆದರೆ ಉಳಿಯುವುದೇ ಮ್ಯಾಂಟಲಿನ ಪಾಲು. ದೂರದ ನಿಯಮದಿಂದಾಗಿ ಸಮೀಪದ ಬಂಡೆಗಳ ಪ್ರಭಾವವೇ ಹೆಚ್ಚು. ಅವುಗಳ ಯುರೇನಿಯಂ ಪ್ರಮಾಣವನ್ನು ತಪ್ಪಾಗಿ ಊಹಿಸಿದರೆ ದೋಷವೆಲ್ಲ ಮ್ಯಾಂಟಲಿನ ತಲೆಗೇ ಬರುತ್ತದೆ. ಚೌಕಗಳನ್ನು ಎಷ್ಟೇ ಕಿರಿದುಗೊಳಿಸಿದರೂ ಈ ದೋಷ ನೀಗದು. ಶೋಧಕದ ಸುತ್ತಣ ಬಂಡೆಗಳನ್ನೇ ಒಡೆದು ತಂದು ಪರೀಕ್ಷಿಸಬೇಕು.